ಹೆರಿಗೆಯಲ್ಲಿ ತೋಳಿನ ನರಕ್ಕೆ ಪೆಟ್ಟು

ಪ್ರಶ್ನೆ: ನನ್ನ ಮಗುವಿಗೆ ಈಗ ಐದು ವಾರ. ತೂಕ ಹೆಚ್ಚಿದ್ದುದರಿಂದ ಹೆರಿಗೆಯಲ್ಲಿ ಭುಜ ಸಿಕ್ಕಿಕೊಂಡಿತ್ತು. ಬೆರಳುಗಳನ್ನು ಆಡಿಸಿದರೂ ಬಲತೋಳನ್ನು ಎತ್ತುವುದಿಲ್ಲ. ಎಣ್ಣೆ ಹಚ್ಚಿ, ಎಳೆದು ನೀವಿದರೆ ಸರಿಹೋಗುತ್ತದೆ ಎಂದು ಮನೆಯ ಹಿರಿಯರು ಹೇಳುತ್ತಾರೆ. ಏನು ಮಾಡಲಿ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ದಯವಿಟ್ಟು ತೋಳನ್ನು ಎಳೆಯಲು ಬಿಡಬೇಡಿ. ನೀವು ಬರೆದಿರುವ ಲಕ್ಷಣಗಳು, ಕುತ್ತಿಗೆಯಿಂದ ಕೈಗೆ ಇಳಿಯುವ ನರಜಾಲದ ಮೇಲ್ಭಾಗಕ್ಕೆ ಪೆಟ್ಟಾದಾಗ ಕಾಣುವ ‘ಅರ್ಬ್ಸ್ ಪಾಲ್ಸಿ’ಯನ್ನು ಹೋಲುತ್ತವೆ. ಬೆರಳುಗಳು ಆಡುತ್ತಿರುವುದು ಒಳ್ಳೆಯ ಸೂಚನೆ. ನರ ಕೇವಲ ಹಿಗ್ಗಿದ್ದರೆ ಕೆಲವು ವಾರ ಅಥವಾ ತಿಂಗಳುಗಳಲ್ಲಿ ತಾನಾಗಿಯೇ ಚೇತರಿಸಿಕೊಳ್ಳುತ್ತದೆ, ಹೆಚ್ಚಿನ ಮಕ್ಕಳಲ್ಲಿ ಆಗುವುದೂ ಅದೇ. ಆದರೆ ಬೆನ್ನುಹುರಿಯಿಂದಲೇ ಕಿತ್ತುಬಂದ ನರ ತಾನಾಗಿ ಕೂಡುವುದಿಲ್ಲ. ಈ ವ್ಯತ್ಯಾಸ ಮೊದಲ ದಿನಗಳಲ್ಲಿ ಹೊರಗಿನಿಂದ ತಿಳಿಯದ ಕಾರಣ, ಮೊಣಕೈ ಮಡಚುವ ಶಕ್ತಿ ಎಂದು ಮರಳುತ್ತದೆ ಎಂಬುದನ್ನು ವೈದ್ಯರು ತಿಂಗಳು ತಿಂಗಳೂ ಗಮನಿಸುತ್ತಾರೆ. 3 ತಿಂಗಳಾದರೂ ಅದು ಮರಳದಿದ್ದರೆ, ಕಾಲಿನ ನರದ ತುಂಡನ್ನು ಕಸಿ ಮಾಡುವಂಥ ಶಸ್ತ್ರಚಿಕಿತ್ಸೆಯ ಬಗ್ಗೆ ಯೋಚಿಸಬೇಕಾಗುತ್ತದೆ; ವರ್ಷ ಕಳೆದ ಮೇಲೆ ಅದರ ಫಲ ಕಡಿಮೆ. ಆದ್ದರಿಂದ ಈ ವಾರವೇ ಮಕ್ಕಳ ತಜ್ಞರಿಗೆ ತೋರಿಸಿ, ಕೊರಳೆಲುಬು (ಭುಜದ ಮುಂಭಾಗದ ಕಾಲರ್ ಬೋನ್) ಮುರಿದಿದೆಯೇ ಎಂದೂ ಕೇಳಿ.

ಫಿಸಿಯೋಥೆರಪಿಸ್ಟ್ ಕಲಿಸಿದ ಮೇಲೆ, ಕೀಲುಗಳು ಬಿಗಿಯಾಗದಂತೆ ದಿನಕ್ಕೆ ಹಲವು ಬಾರಿ ಮೃದುವಾಗಿ ವ್ಯಾಯಾಮ ಮಾಡಿಸಿ. ಅಂಗಿ ತೊಡಿಸುವಾಗ ಬಲತೋಳನ್ನು ಮೊದಲು ತೂರಿಸಿ, ತೆಗೆಯುವಾಗ ಕೊನೆಗೆ ಬಿಡಿಸಿ. ಇದು ನಿಮ್ಮ ತಪ್ಪಿನಿಂದ ಆದದ್ದಲ್ಲ, ತಾಯಿ. ಮುಂದೆ ಗರ್ಭಿಣಿಯಾದಾಗ ಈ ಹೆರಿಗೆಯ ವಿಷಯವನ್ನು ವೈದ್ಯರಿಗೆ ಮೊದಲೇ ತಿಳಿಸಿ, ಸಕ್ಕರೆ ಪರೀಕ್ಷೆಯನ್ನು ತಪ್ಪದೆ ಮಾಡಿಸಿಕೊಳ್ಳಿ.