ಅಪ್ಪ ಅಮ್ಮನಿಗಿಂತ ಮಗಳು ಕಪ್ಪು

ಪ್ರಶ್ನೆ: ನಾನೂ ನನ್ನ ಗಂಡನೂ ಎಣ್ಣೆಗೆಂಪು ಬಣ್ಣದವರು. ಒಂದೂವರೆ ವರ್ಷದ ಮಗಳು ಇಬ್ಬರಿಗಿಂತ ಕಪ್ಪು. ಹುಟ್ಟಿದಾಗ ಬೆಳ್ಳಗಿದ್ದಳು. ‘ಇದು ಯಾರ ಬಣ್ಣ?’ ಎಂದು ನಾದಿನಿ ಎಲ್ಲರೆದುರು ಕೇಳಿದರು. ಗಂಡ ತುಟಿ ಬಿಚ್ಚಲಿಲ್ಲ. ಡಿಎನ್‌ಎ ಪರೀಕ್ಷೆ ಮಾಡಿಸಿ ಎಲ್ಲರ ಬಾಯಿ ಮುಚ್ಚಿಸಲೇ?

ಉತ್ತರ: ಬೇಡಮ್ಮ. ಸದ್ಯಕ್ಕೆ ಆರು ನಾಣ್ಯ ಸಾಕು.

ಎರಡು ಬಣ್ಣ ಕಲಸಿದರೆ ನಡುವಿನದೊಂದು ಬರುತ್ತದಲ್ಲ, ಮಕ್ಕಳ ಮೈಬಣ್ಣವೂ ಹಾಗೇ ಅಂದುಕೊಳ್ಳುತ್ತೇವೆ. ಹಾಗಲ್ಲ. ಲೆಕ್ಕ ಸುಲಭವಾಗಲಿ ಅಂತ ಬಣ್ಣಕ್ಕೆ ಮೂರೇ ಜೋಡಿ ಜೀನ್ (ವಂಶವಾಹಿ) ಇವೆ ಎನ್ನೋಣ. ನಿಮ್ಮಿಬ್ಬರಲ್ಲೂ ಪ್ರತಿ ಜೋಡಿಯಲ್ಲಿ ಒಂದು ಕಡುಬಣ್ಣದ್ದು, ಒಂದು ತಿಳಿಬಣ್ಣದ್ದು. ಮಗುವಿಗೆ ಹೋಗುವುದು ಜೋಡಿಗೆ ಒಂದೇ. ಯಾವುದು ಅನ್ನುವುದು ನಾಣ್ಯ ಚಿಮ್ಮಿದ ಹಾಗೆ. ನಿಮ್ಮಿಂದ 3 ನಾಣ್ಯ, ಅವರಿಂದ 3. ಆರೂ ಬೀಳುವ ಬಗೆ 64. ಅದರಲ್ಲಿ ನಿಮ್ಮ ಹಾಗೆಯೇ ಮೂರು ಕಡು, ಮೂರು ತಿಳಿ ಬಿದ್ದು ನಿಮ್ಮದೇ ಬಣ್ಣ ಬರುವುದು 20ರಲ್ಲಿ ಮಾತ್ರ. ಕಡು ಹೆಚ್ಚಾಗಿ ಬೀಳುವ 22ರಲ್ಲಿ ಮಗು ನಿಮಗಿಂತ ಕಪ್ಪು, ಇನ್ನು 22ರಲ್ಲಿ ನಿಮಗಿಂತ ಬಿಳುಪು. ಅಂದರೆ ಮೂರರಲ್ಲಿ ಒಂದು ಮಗು ಅಪ್ಪ ಅಮ್ಮನಿಗಿಂತ ಕಪ್ಪಾಗಬಹುದು. ಇದರಲ್ಲಿ ಅಚ್ಚರಿ ಏನು ಬಂತು, ಅಲ್ವಾ?

ನಿಜದಲ್ಲಿ ಇಂಥ ಜೀನ್‌ಗಳು ನೂರಕ್ಕೂ ಜಾಸ್ತಿ. ಹೆಚ್ಚಿನವುಗಳ ಪಾಲು ಚೂರೇ ಚೂರು. ಎಸ್‌ಎಲ್‌ಸಿ24ಎ5 ಎಂಬ ಒಂದರ ಪಾಲು ಮಾತ್ರ ದೊಡ್ಡದು. 2005ರಲ್ಲಿ ಅದರ ಸುಳಿವು ಸಿಕ್ಕಿದ್ದು ಒಂದು ಪುಟ್ಟ ಪಟ್ಟೆ ಮೀನಿನಿಂದ! ಬಣ್ಣ ಮಾಡುವ ಕೋಶಗಳು ಕಪ್ಪಗಿದ್ದವರಲ್ಲೂ ಬೆಳ್ಳಗಿದ್ದವರಲ್ಲೂ ಹೆಚ್ಚುಕಡಿಮೆ ಅಷ್ಟೇ ಇರುತ್ತವೆ. ಅವು ಮೆಲನಿನ್ ಎಂಬ ಕಪ್ಪುಬಣ್ಣದ ವಸ್ತುವನ್ನು ಎಷ್ಟು ಮಾಡುತ್ತವೆ ಅನ್ನುವುದರಲ್ಲೇ ವ್ಯತ್ಯಾಸ. ಹುಟ್ಟಿದ ಮೇಲೂ ಕೆಲವು ತಿಂಗಳು ಈ ಮೆಲನಿನ್ ಹೆಚ್ಚುತ್ತಾ ಹೋಗುತ್ತದೆ. ಹಾಗಾಗಿ ಬೆಳ್ಳಗೆ ಹುಟ್ಟಿದ ಮಗು ಆಮೇಲೆ ಕಪ್ಪಾಗುವುದು ಮಾಮೂಲು.

ನನಗೆ ಚಿಂತೆಯಾಗಿದ್ದು ನಾದಿನಿಯ ಮಾತಿಗಲ್ಲ, ನಿಮ್ಮ ಗಂಡನ ಮೌನಕ್ಕೆ. ಮಗಳು ಮಲಗಿದ ಮೇಲೆ ಆರು ನಾಣ್ಯ ಅವರ ಕೈಗೆ ಕೊಡಿ, ನಾಲ್ಕಾರು ಸಲ ಚಿಮ್ಮಲಿ. ಆಮೇಲೆ ನೇರವಾಗಿ ಕೇಳಿ: ‘ಅವತ್ತು ಯಾಕೆ ಸುಮ್ಮನಿದ್ದಿರಿ?’ ಸುಮ್ನೆ ಮುಜುಗರವಾಗಿದ್ದರೆ, ತಂಗಿಗೆ ಉತ್ತರ ಕೊಡಬೇಕಾದವರು ಅವರೇ. ನಿಜವಾಗಿ ಅನುಮಾನವಿದ್ದರೆ ಬಾಯಿಬಿಟ್ಟು ಹೇಳಲಿ. ಪರೀಕ್ಷೆ ಬೇಕೋ ಬೇಡವೋ ಎಂದು ಆಗ ಇಬ್ಬರೂ ಕೂತು ಯೋಚಿಸಿ, ನಾದಿನಿಯನ್ನು ಹೊರಗಿಟ್ಟು.