ರೂಟರ್ ಫಲಕ: ಮೊದಲು ಗಮ್ಯ, ಆಮೇಲೆ ಮೂಲ

ಪ್ರಶ್ನೆ: ದೂರದರ್ಶನ ಸ್ಟುಡಿಯೊದಲ್ಲಿ ಯಾವ ಚಿತ್ರ ಎಲ್ಲಿಗೆ ಹೋಗಬೇಕೆಂದು ಆಯುವ ರೂಟರ್ ಫಲಕದಲ್ಲಿ ಕ್ಯಾಮೆರಾದ ಗುಂಡಿ ಒತ್ತಿದರೆ, ನಾನು ಬಯಸಿದ ಮಾನಿಟರ್ ಬಿಟ್ಟು ಬೇರೆಡೆ ಚಿತ್ರ ಬದಲಾಗುವುದೇಕೆ? ಲಾಕ್ ಮತ್ತು ಪ್ರೊಟೆಕ್ಟ್ ಎರಡೂ ಒಂದೇ ಏನು?

ಉತ್ತರ: ಫಲಕವು ಸಾಮಾನ್ಯವಾಗಿ ಕೊನೆಯದಾಗಿ ಆಯ್ದ ಗಮ್ಯವನ್ನೇ (ಚಿತ್ರ ತಲುಪುವ, ಮಾನಿಟರ್‌ನಂಥ ಜಾಗ) ನೆನಪಿಟ್ಟುಕೊಂಡಿರುತ್ತದೆ; ನೀವು ಒತ್ತಿದ ಚಿತ್ರ ಅಲ್ಲಿಗೇ ಹೋಗುತ್ತದೆ. ಒಂದು ಮೂಲವನ್ನು (ಚಿತ್ರ ಬರುವ, ಕ್ಯಾಮೆರಾದಂಥ ಜಾಗ) ಎಷ್ಟೋ ಗಮ್ಯಗಳಿಗೆ ಏಕಕಾಲಕ್ಕೆ ಕಳುಹಿಸಬಹುದಾದರೂ ಒಂದು ಗಮ್ಯಕ್ಕೆ ಒಂದು ಹೊತ್ತಿನಲ್ಲಿ ಒಂದೇ ಚಿತ್ರ ಸಲ್ಲುವುದರಿಂದ, ತಪ್ಪಿನ ಪೆಟ್ಟು ಬೀಳುವುದು ಯಾವಾಗಲೂ ಗಮ್ಯದ ಮೇಲೆಯೇ. ಆದ್ದರಿಂದ ಮೊದಲು ಗಮ್ಯವನ್ನು ಆಯ್ದು, ಅದರ ಹೆಸರನ್ನು ಪರದೆಯಲ್ಲಿ ಓದಿ ಖಚಿತಪಡಿಸಿಕೊಂಡು, ಅನಂತರ ಮೂಲವನ್ನೂ ಕೊನೆಗೆ ಬದಲಾವಣೆಯನ್ನು ಜಾರಿಗೊಳಿಸುವ ಟೇಕ್ ಗುಂಡಿಯನ್ನೂ ಒತ್ತಿ. ಟೇಕ್ ಇಲ್ಲದ ಫಲಕಗಳಲ್ಲಿ ಮೂಲವನ್ನು ಒತ್ತಿದೊಡನೆ ಬದಲಾವಣೆ ಆಗಿಬಿಡುವುದರಿಂದ ಈ ಎಚ್ಚರ ಇನ್ನೂ ಅಗತ್ಯ.

ಲಾಕ್, ಪ್ರೊಟೆಕ್ಟ್ ಬೇರೆ ಬೇರೆ. ಅನೇಕ ವ್ಯವಸ್ಥೆಗಳಲ್ಲಿ ಲಾಕ್ ಮಾಡಿದ ಗಮ್ಯವನ್ನು ಅದನ್ನು ತೆರೆಯುವವರೆಗೆ ಯಾರೂ ಬದಲಿಸಲಾಗದು. ಪ್ರೊಟೆಕ್ಟ್ ಮಾಡಿದರೆ, ಯಾವ ಫಲಕದಿಂದ ಪ್ರೊಟೆಕ್ಟ್ ಮಾಡಿದ್ದೀರೋ ಅದೊಂದರಿಂದ ಮಾತ್ರ ಬದಲಿಸಬಹುದು. ನೇರಪ್ರಸಾರದ ಮಾರ್ಗಕ್ಕೆ ಇವೆರಡರಲ್ಲಿ ಒಂದನ್ನಾದರೂ ತಪ್ಪದೆ ಹಾಕಿಡಿ.