ಬೋಸ್ನಿಯಾದ ಫುಟ್‌ಬಾಲಿಗ ಸೆರ್ಗೇ ಬಾರ್ಬರೆಜ್ ಯಾರು? ಆಟಗಾರನಾಗಿ, ಕೋಚ್ ಆಗಿ ಏನು ಮಾಡಿದ್ದಾರೆ?

ಹುಟ್ಟಿದ್ದು 1971ರಲ್ಲಿ, ಮೊಸ್ತಾರ್‌ನಲ್ಲಿ. ಆದರೆ ಹೆಸರು ಮಾಡಿದ್ದೆಲ್ಲ ಜರ್ಮನಿಯಲ್ಲಿ. ಹ್ಯಾನೋವರ್, ಯೂನಿಯನ್ ಬರ್ಲಿನ್, ರೋಸ್ಟಾಕ್, ಡಾರ್ಟ್‌ಮಂಡ್ ಕ್ಲಬ್‌ಗಳನ್ನು ಸುತ್ತಿ 2000ದಲ್ಲಿ ಹ್ಯಾಂಬರ್ಗ್‌ಗೆ ಬಂದರು. ಮೊದಲ ಸೀಸನ್‌ನಲ್ಲೇ 22 ಗೋಲು! ಶಾಲ್ಕೆ ಕ್ಲಬ್‌ನ ಎಬ್ಬೆ ಸ್ಯಾಂಡ್ ಜೊತೆ ಬುಂಡೆಸ್‌ಲೀಗಾದ (ಜರ್ಮನಿಯ ಅಗ್ರ ಫುಟ್‌ಬಾಲ್ ಲೀಗ್) ಟಾಪ್ ಸ್ಕೋರರ್.

ಆ ಸೀಸನ್‌ನ ಕೊನೆಯ ದಿನವಂತೂ ಮರೆಯೋ ಹಾಗಿಲ್ಲ. ಲೀಗ್ ಪ್ರಶಸ್ತಿಗೆ ಬಾಯರ್ನ್ ಮ್ಯೂನಿಕ್ ಮತ್ತು ಶಾಲ್ಕೆ ನಡುವೆ ಪೈಪೋಟಿ; ಬಾಯರ್ನ್ ಸೋತರೆ ಪ್ರಶಸ್ತಿ ಶಾಲ್ಕೆಗೆ. 90ನೇ ನಿಮಿಷದಲ್ಲಿ ಬಾಯರ್ನ್ ವಿರುದ್ಧ ಬಾರ್ಬರೆಜ್ ಹೆಡ್ ಮಾಡಿ ಗೋಲು ಹೊಡೆದರು. ಶಾಲ್ಕೆ ಅಭಿಮಾನಿಗಳು ಪ್ರಶಸ್ತಿ ತಮ್ಮದೇ ಅಂತ ಕುಣಿದರು. ಆದರೆ 90 ನಿಮಿಷದ ನಂತರ ಸೇರಿಸಿದ ಕೆಲವು ನಿಮಿಷಗಳಲ್ಲಿ ಬಾಯರ್ನ್ ಆಟಗಾರ ಪ್ಯಾಟ್ರಿಕ್ ಆಂಡರ್ಸನ್ ಗೋಲು ಹೊಡೆದು ಸಮಬಲ ಮಾಡಿ ಬಾಯರ್ನ್‌ಗೆ ಪ್ರಶಸ್ತಿ ಕೊಡಿಸಿದರು. ಪಾಪ ಶಾಲ್ಕೆ!

ನಂತರ ಜರ್ಮನಿಯದೇ ಲೆವರ್ಕುಸೆನ್ ಕ್ಲಬ್‌ನಲ್ಲಿ ಆಡಿ 2008ರಲ್ಲಿ ನಿವೃತ್ತರಾದರು. ಬೋಸ್ನಿಯಾ ತಂಡದ ನಾಯಕರೂ ಆಗಿದ್ದರು.

2024ರ ಏಪ್ರಿಲ್‌ನಲ್ಲಿ ಅದೇ ತಂಡಕ್ಕೆ ಮುಖ್ಯ ಕೋಚ್ ಆದರು. ಅದಕ್ಕೂ ಮುಂಚೆ ಯಾವ ತಂಡಕ್ಕೂ ಮುಖ್ಯ ಕೋಚ್ ಆಗಿರಲಿಲ್ಲ. ಧೈರ್ಯದ ಆಯ್ಕೆನೇ ಅಲ್ವಾ?